ಅಕ್ಕಿ ಡಬ್ಬದೊಳಗಿನ ಮೊಲ

ಕುಕ್ಕುಂದೂರಿನ ಒಲಿಂಡಾ ಟೀಚರಿಗೆ ಹೆದರಿಕೆ ಎಂಬುದೇ ಗೊತ್ತಿರಲಿಲ್ಲ ಎಂದು ಹೇಳುವವರು ಊರಲ್ಲಿ ಈಗಲೂ ಇದ್ದಾರೆ. ಹೇಳಲಿ ಪಾಪ, ಊರ ಬಾಯಿಗೆ ಬೀಗ ಹಾಕಿದವರುಂಟೇ? ಬಾವಿಗೆ ಬಿದ್ದ ನಾಗರಹಾವಿಗೆ ಬುಟ್ಟಿ ಇಳಿಸಿ ಮೇಲೆತ್ತಿದವಳು, ಕುಡಿದು ಶಾಲೆಯ ಗೇಟಿಗೆ ಬಂದು ನಿಂತವನನ್ನು ಕೊಡೆ ಬೀಸಿ ಅಟ್ಟಿದವಳು ಅವಳೇ ಹೌದು. ಆದರೆ ೧೯೮೦ನೇ ಇಸವಿಯ ಫೆಬ್ರವರಿಯಿಂದ ಮೇ ತಿಂಗಳವರೆಗೆ ಆ ಹೆಂಗಸು ಎಷ್ಟು ಹೆದರಿದ್ದಳೆಂದರೆ, ತನ್ನದೇ ಅಡುಗೆಮನೆಯ ಅಕ್ಕಿ ಡಬ್ಬದ ಮುಚ್ಚಳ ತೆಗೆಯುವ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಒಳಗಿದ್ದದ್ದು ಹಾವಲ್ಲ, ಒಂದು ಮೊಲ.

ಅವಳು ಹುಟ್ಟಿದ್ದು ಕಾಪುವಿನಲ್ಲಿ. ಅಪ್ಪ ಇಮ್ಯಾನುಯೆಲ್ ಟೈಲರ್. ಬಟ್ಟೆಗೆ ಗುರುತು ಹಾಕುವ ಅವನ ಸೀಮೆಸುಣ್ಣ ಕದ್ದು ಅಂಗಡಿಯ ನೆಲದ ತುಂಬ ಮೀನು, ಕೋಳಿ, ಬೆಕ್ಕು ಬರೆದಿಡುತ್ತಿದ್ದಳು. ಬೈದು ಬೈದು ಸಾಕಾಗಿ ಅಪ್ಪನೇ ಅವಳನ್ನು ಉಡುಪಿಗೆ ಡ್ರಾಯಿಂಗ್ ಕಲಿಯಲು ಕಳಿಸಿದ. ಕಲಿತು ಮುಗಿಸಿ ಕಾರ್ಕಳದ ಒಂದು ಕಾನ್ವೆಂಟ್ ಶಾಲೆಗೆ ಡ್ರಾಯಿಂಗ್ ಟೀಚರಾಗಿ ಸೇರಿದಳು, ಕುಕ್ಕುಂದೂರಿನ ಕಜೆಟನನ್ನು ಮದುವೆಯಾದಳು. ಕಜೆಟನ್ ಬಡಗಿ. ಮಣಿಪಾಲದಲ್ಲಿ ಒಂದರ ಪಕ್ಕ ಒಂದು ಹಾಸ್ಟೆಲು ಏಳುತ್ತಿದ್ದ ಕಾಲ ಅದು. ವಾರವಿಡೀ ಅಲ್ಲೇ ಕೆಲಸ, ಶನಿವಾರ ಸಂಜೆ ಮನೆ. ಉಳಿದ ದಿನಗಳಲ್ಲಿ ಮನೆಯಲ್ಲಿ ಒಲಿಂಡಾ ಮತ್ತು ಅತ್ತೆ ಜೆರ್ಟ್ರೂಡ್ ಇಬ್ಬರೇ. ಜೆರ್ಟ್ರೂಡಳಿಗೆ ಮಾತೆಂದರೆ ಬಲು ದುಬಾರಿ. ಜಪಮಾಲೆ ಎಣಿಸುವಾಗ ಮಾತ್ರ ತುಟಿ ಅಲ್ಲಾಡುತ್ತಿತ್ತು. ಅಂಥವಳ ಮನಸ್ಸಿನಲ್ಲಿ ಏನುಂಟೆಂದು ತಿಳಿಯುವುದು ಯಾರ ಅಪ್ಪನಿಂದಲೂ ಆಗದ ಕೆಲಸ.

ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಕೇಳುವವರಿಗೆ ಉತ್ತರ ಹೇಳಿ ಹೇಳಿ ಒಲಿಂಡಾ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಕೊನೆಗೂ ಬಸುರಾದಾಗ ಅವಳಿಗೆ ಮೂವತ್ತು ದಾಟಿತ್ತು. ಇದೊಂದು ಉಳಿದರೆ ಸಾಕು, ಇದೊಂದು ನೆಟ್ಟಗೆ ಹುಟ್ಟಿದರೆ ಸಾಕು ಎಂಬುದು ಬಿಟ್ಟು ಅವಳಿಗೆ ಬೇರೆ ಆಸೆ ಇರಲಿಲ್ಲ.

ಅದೇ ಸಮಯಕ್ಕೆ ಶಾಲೆಯ ಸ್ಮರಣ ಸಂಚಿಕೆ ಹೊರಡುವುದಿತ್ತು. ಹೆಡ್ಮಿಸ್ಟ್ರೆಸ್ ಸಿಸ್ಟರ್ ಸೋಫಿಯಾ, ಮುಖಪುಟಕ್ಕೆ ಏನಾದರೂ ಚಂದದ ಪ್ರಾಣಿ ಮಾಡಿಕೊಡಿ ಎಂದರು. ಚಿತ್ರ ಅಚ್ಚು ಹಾಕುವ ಸತುವಿನ ಬ್ಲಾಕ್ ಬೇಕಾದರೆ ಮಂಗಳೂರಿಗೆ ಓಡಬೇಕು. ಅದಕ್ಕೆ ಒಲಿಂಡಾಳ ಬಳಿ ತನ್ನದೇ ಉಪಾಯವಿತ್ತು. ಮಣಿಪಾಲದ ಯಾವುದೋ ಕಟ್ಟಡದ ನೆಲಕ್ಕೆ ಲಿನೋಲಿಯಂ ಹಾಸಿ ಉಳಿದ ತುಂಡುಗಳನ್ನು ಕಜೆಟನ್ ತಂದಿಟ್ಟಿದ್ದ. ಒಂದನ್ನು ಹಲಗೆಗೆ ಅಂಟಿಸಿಕೊಟ್ಟ. ಹಳೆಯ ಕೊಡೆಯ ಕಡ್ಡಿಯನ್ನು ಮುರಿದು, ಅದರ ತೋಡಿನಂಥ ತುದಿಯನ್ನು ಕಲ್ಲಿಗೆ ಮಸೆದು, ಮರದ ಹಿಡಿ ಹಾಕಿ ಉಳಿಯನ್ನೂ ಅವನೇ ಮಾಡಿಕೊಟ್ಟ. ಲಿನೋಲಿಯಂನಲ್ಲಿ ಚಿತ್ರ ಕೊರೆದು ಶಾಯಿ ಹಚ್ಚಿ ಒತ್ತಿದರೆ, ಉಳಿ ಕೊರೆದ ಜಾಗ ಕಾಗದದಲ್ಲಿ ಬಿಳಿ, ಬಿಟ್ಟ ಜಾಗ ಕಪ್ಪು. ಒಮ್ಮೆ ಕೊರೆದದ್ದನ್ನು ಮತ್ತೆ ತುಂಬಲು ಬರುವುದಿಲ್ಲ. ಈ ಮಾತನ್ನು ಅವಳು ಮಕ್ಕಳಿಗೆ ನೂರು ಸಲ ಹೇಳಿದ್ದಳು.

ಒಲಿಂಡಾ ಆರಿಸಿಕೊಂಡದ್ದು ಮೊಲ. ಸುಮ್ಮನೆ ಮೊಲವಲ್ಲ, ಮೈಯೆಲ್ಲ ಚಿತ್ತಾರದ ಮೊಲ. ಕಿವಿಗೆ ಹಲಸಿನೆಲೆಯ ನರಗಳು, ಬೆನ್ನಿಗೆ ಬಂಗುಡೆ ಮೀನಿನ ಬೆನ್ನಿನ ಅಲೆಗೆರೆ, ಹೊಟ್ಟೆಗೆ ಚಾಪೆಯ ಹೆಣಿಗೆ, ತೊಡೆಗೆ ಹೆಂಚಿನ ಮಾಡಿನ ಸಾಲು. ಎಲ್ಲ ಮುಗಿದು ಮುಖ ಮಾತ್ರ ಉಳಿದಿತ್ತು. ಹಾಗಿರುವಾಗ ಆ ಶನಿವಾರ ಬಂತು, ಸೂರ್ಯಗ್ರಹಣದ ಶನಿವಾರ.

ನೆನಪಿದ್ದವರಿಗೆ ಗೊತ್ತು, ಅಂಥ ಗ್ರಹಣ ಯಾರೂ ಕಂಡದ್ದಲ್ಲ, ಕಾಣಲು ಹೊರಗೆ ಬಂದದ್ದೂ ಇಲ್ಲ. ರೇಡಿಯೋದಲ್ಲಿ ಬೆಳಗಿನಿಂದ ಎಚ್ಚರಿಕೆಯೋ ಎಚ್ಚರಿಕೆ. ಮಧ್ಯಾಹ್ನಕ್ಕೆ ಬಸ್ಸುಗಳು ನಿಂತವು, ಕಜೆಟನ್ ಮಣಿಪಾಲದಲ್ಲೇ ಉಳಿದ. ಅದಕ್ಕೂ ಮೊದಲೇ, ಬೆಳಿಗ್ಗೆ, ಪಕ್ಕದ ಮನೆಯ ಸುಗಂಧಿ ಬೇಲಿಯ ಹತ್ತಿರ ಬಂದು ನಿಂತಳು. ಬೀಡಿ ಕಟ್ಟುವ ಹೆಂಗಸು, ಒಲಿಂಡಾಳ ಮೇಲೆ ಜೀವ.

“ಟೀಚರ್, ಇವತ್ತು ಕತ್ತಿ ಗಿತ್ತಿ ಮುಟ್ಟಬೇಡಿ ಮಾರಾಯ್ರೆ. ಬಸುರಿ ಗ್ರಹಣದಲ್ಲಿ ಏನು ಕೊಯ್ದರೂ ಅದು ಹೊಟ್ಟೆಯಲ್ಲಿರುವುದಕ್ಕೆ ತಾಗ್ತದೆ. ತುಟಿ ಸೀಳಿ ಹುಟ್ತದೆ” ಎಂದಳು.

“ನಮ್ಮಲ್ಲಿ ಅದೆಲ್ಲ ಇಲ್ಲ ಸುಗಂಧಿ.”

“ಗ್ರಹಣಕ್ಕೆ ನಿಮ್ಮದು ನಮ್ಮದು ಅಂತ ಉಂಟಾ?” ಎಂದು ಸುಗಂಧಿ ಕೇಳಿದಳು.

ಒಲಿಂಡಾ ನಕ್ಕಳು. ಒಳಗೆ ಅತ್ತೆಗೂ ಹೇಳಿ ನಗಿಸಲು ನೋಡಿದಳು. ಜೆರ್ಟ್ರೂಡ್ ನಗಲಿಲ್ಲ, ಗ್ರಹಣದಿಂದ ಏನೂ ಆಗುವುದಿಲ್ಲ ಎಂದಷ್ಟೇ ಹೇಳಿ ಅಡುಗೆಮನೆಯ ಕಿಟಕಿ ಹಾಕಿಕೊಂಡು ಜಪಮಾಲೆ ಹಿಡಿದು ಕುಳಿತಳು.

ಲಿನೋಲಿಯಂ ಬಿಸಿಯಿದ್ದರೆ ಬೆಣ್ಣೆ, ತಣಿದರೆ ಮೊಂಡು ಹಸು. ಅದಕ್ಕಾಗಿ ಕೊರೆಯುವ ಮೊದಲು ಒಲಿಂಡಾ ಹಲಗೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗಿಡುತ್ತಿದ್ದಳು. ಅಂದೂ ಇಟ್ಟಳು. ಊಟ ಮುಗಿಸಿ ಜಗಲಿಯ ಬಾಗಿಲ ಬಳಿ ಹಲಗೆ ಎದುರಿಟ್ಟು ಕುಳಿತಳು. ಕಣ್ಣು ಮುಗಿಯಿತು, ಮೀಸೆ ಮುಗಿಯಿತು. ಹೊರಗೆ ಬಿಸಿಲು ಬೂದಿ ಬಣ್ಣಕ್ಕೆ ತಿರುಗಿತು. ಕೋಳಿಗಳು ತಾವಾಗಿಯೇ ಗೂಡಿಗೆ ಹೋದವು, ಕಾಗೆಗಳ ಸದ್ದಡಗಿತು. ಮೈಗೆ ತಣ್ಣಗೆ ಗಾಳಿ ತಾಗಿತು. ಎದ್ದುಬಿಡೋಣ ಎನಿಸಿತು ಅವಳಿಗೆ. ಎದ್ದರೆ ಸುಗಂಧಿಯ ಮಾತಿಗೆ ಹೆದರಿದಂತಾಗುತ್ತದೆ ಎಂದು ಹಟ ಹಿಡಿದು ಕುಳಿತಳು. ಹಟ ಕೆಟ್ಟದ್ದು, ನೋಡಿ. ಬಿಸಿಲು ಹೋದ ಲಿನೋಲಿಯಂ ಬಿಗಿಯಿತು. ತುಟಿಯ ಸಣ್ಣ ಗೆರೆಯ ಹತ್ತಿರ ಉಳಿ ನಿಂತಿತು. ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಉಳಿ ಜಾರಿ, ಮೇಲ್ದುಟಿಯಿಂದ ಮೂಗಿನವರೆಗೆ ಸೀಳಿಕೊಂಡು ಹೋಗಿ ಅವಳ ಎಡಗೈ ಬೆರಳಿಗೆ ತಾಗಿ ನಿಂತಿತು. ಮೊಲದ ಮುಖದ ಮೇಲೆ ರಕ್ತ ಬಿತ್ತು.

ಮೊಲದ ತುಟಿ ಹೇಗೂ ಸೀಳಿಯೇ ಇರುತ್ತದಲ್ಲ ಎಂದು ನೀವು ಕೇಳಬಹುದು. ಅವಳೂ ತನಗೆ ತಾನೇ ಹಾಗೆ ಹೇಳಿಕೊಂಡಳು. ಆದರೆ ಅದು ನಡುವಿನ ಪುಟ್ಟ ಗೆರೆ, ಇದು ಒಂದು ಬದಿಗೆ ಹರಿದ ಗಾಯ. ಅದೇ ಹೊತ್ತಿಗೆ ಹೊಟ್ಟೆಯೊಳಗೆ ಮಗು ಮಿಸುಕಿತು. ಕೂಡಲೇ ಹಲಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

ಒಲೆಗೆ ಹಾಕಲು ಹೊರಟವಳು ಒಲೆಯ ಮುಂದೆ ನಿಂತುಬಿಟ್ಟಳು. ಕೊರೆದದ್ದು ಮಗುವಿಗೆ ತಾಗುವುದಾದರೆ ಸುಟ್ಟದ್ದು ತಾಗದೇ? ಬಾವಿಗೆ ಹಾಕಿದರೆ? ಹೂತರೆ? ಒಂದೊಂದು ದಾರಿಯೂ ಇನ್ನೂ ಭಯಂಕರವಾಗಿ ಕಂಡಿತು. ಕೊನೆಗೆ ಅಕ್ಕಿ ಡಬ್ಬದಲ್ಲಿ, ಅಕ್ಕಿಯ ಅಡಿಯಲ್ಲಿ ಮೊಲವನ್ನು ಮೆಲ್ಲಗೆ ಮಲಗಿಸಿದಳು. ಹಲಗೆ ಮುರಿದುಹೋಯಿತು ಎಂದು ಸಿಸ್ಟರಿಗೆ ಸುಳ್ಳು ಹೇಳಿದಳು. ಅಚ್ಚಾಗಿ ಊರೆಲ್ಲ ಹಂಚಿಹೋದರೆ ಆ ಸೀಳು ಇನ್ನು ಮಾಯುವುದೇ ಇಲ್ಲ ಎಂದು ಅವಳಿಗೆ ಅನಿಸಿಬಿಟ್ಟಿತ್ತು.

ಆಮೇಲಿನ ದಿನಗಳನ್ನು ಹೇಳುವುದೇ ಬೇಡ. ಹೆದರಿದವರಿಗೆ ಹಗ್ಗವೂ ಹಾವು. ಕ್ಲಾಸಿನಲ್ಲಿ ಮಕ್ಕಳು ಬಾಯಿ ತೆರೆದರೆ ಅವಳಿಗೆ ಕಾಣುವುದು ತುಟಿ ಮಾತ್ರ. ಒಮ್ಮೆ ಬೋರ್ಡಿನ ಮೇಲೆ ಹುಡುಗಿಯ ಮುಖ ಬರೆದು ಬಾಯಿ ಬರೆಯದೇ ಬಿಟ್ಟಳು. ಮಕ್ಕಳು ನಕ್ಕರು, ಅವಳು ಹೊರಗೆ ಹೋಗಿ ಅತ್ತಳು. ಇಗರ್ಜಿಯಲ್ಲಿ ಪಾಪನಿವೇದನೆಗೆ ಹೋಗಿ, ಮೂಢನಂಬಿಕೆ ನಂಬಿದೆ ಫಾದರ್ ಎಂದಳು. ಗ್ರಹಣ ಬರೀ ನೆರಳು ಎಂದು ಫಾದರ್ ಸಮಾಧಾನ ಹೇಳಿದರು. ತಲೆಯಾಡಿಸಿ ಹೊರಬಂದವಳು ಮೆಟ್ಟಿಲ ಮೇಲೆಯೇ ನಿಂತು ನಾಲಿಗೆಯಿಂದ ತನ್ನ ತುಟಿಯನ್ನು ಮುಟ್ಟಿ ನೋಡಿಕೊಂಡಳು. ಗಂಡನಿಗೆ ಹೇಳುವ ಹಾಗಿರಲಿಲ್ಲ, ಉಳಿ ಮಾಡಿಕೊಟ್ಟವನು ಅವನೇ. ಸುಗಂಧಿಗೆ ಹೇಳುವ ಹಾಗಂತೂ ಇರಲೇ ಇಲ್ಲ. ತಾನೇ ನಗಾಡಿ ಕಳಿಸಿದ್ದಲ್ಲವೇ? ಮಾಡಿದ್ದುಣ್ಣೋ ಮಹಾರಾಯ ಎಂದು ಊರು ಸುಮ್ಮನೆ ಹೇಳುತ್ತದೆಯೇ? ಆದರೆ ಮಾಡಿದ್ದು ತಾನು, ಉಣ್ಣುವುದು ಮಗು. ಇದನ್ನು ನೆನೆದಾಗಲೆಲ್ಲ ಅವಳು ಗಂಜಿಯ ಬಟ್ಟಲು ಸರಿಸಿ ಎದ್ದುಬಿಡುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಅತ್ತೆಯದು. ಒಂದು ದಿನ ಅಕ್ಕಿಗೆ ಕೈ ಹಾಕಿದಾಗ ಮೊಲ ಇಟ್ಟ ಹಾಗೆ ಇರಲಿಲ್ಲ. ಬೋರಲು ಮಲಗಿಸಿದ್ದು ಅಂಗಾತ ಆಗಿತ್ತು. ಅತ್ತೆ ನೋಡಿದ್ದಾಳೆ! ಈಗ ಕೇಳುತ್ತಾಳೆ, ಇನ್ನು ಕೇಳುತ್ತಾಳೆ ಎಂದು ಒಲಿಂಡಾ ಕಾದಳು. ಜೆರ್ಟ್ರೂಡ್ ಕೇಳಲಿಲ್ಲ. ಅದರ ಬದಲು, ಹೆರಿಗೆ ಇಲ್ಲಿ ಬೇಡ, ಮಣಿಪಾಲದ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು ಎಂದು ಮಗನಿಗೆ ಹೇಳಿದಳು. ಇನ್ನೊಂದು ದಿನ ಹಿತ್ತಿಲಿನಲ್ಲಿ ಕುಳಿತು ಹುಣಸೆಹುಳಿ ಹಚ್ಚಿ ಏನನ್ನೋ ತಿಕ್ಕುತ್ತಿದ್ದಳು. ಮಗುವಿಗೆ ಹಾಲು ಕುಡಿಸುವ ಹಿತ್ತಾಳೆಯ ಒಳಲೆ ಅದು, ಒಂದು ಬದಿಗೆ ಮೂತಿಯಿರುವ ಪುಟ್ಟ ಬಟ್ಟಲು. ಸೊಸೆ ಬಂದದ್ದು ಕಂಡು ಸೆರಗಿನ ಮರೆಗೆ ಸರಿಸಿದಳು. ಮೊಲೆಹಾಲು ಇರುವಾಗ ಒಳಲೆ ಯಾಕೆ? ತನ್ನಿಂದ ಮಗುವನ್ನು ದೂರ ಇಡಲು ಹೊರಟಿದ್ದಾಳೆ ಎಂದೇ ಒಲಿಂಡಾ ತಿಳಿದಳು.

ಮೇ ತಿಂಗಳಲ್ಲಿ ನೋವು ಕಾಣಿಸಿತು. ಬಾಡಿಗೆ ಕಾರು ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲ ಮುಟ್ಟುವವರೆಗೂ ಅವಳು ಕೂಗಲಿಲ್ಲ. ತುಟಿ ಕಚ್ಚಿ ಹಿಡಿದಿದ್ದಳು. ಮಗು ಹುಟ್ಟಿತು, ಅತ್ತಿತು. ಹೆಣ್ಣು ಎಂದು ನರ್ಸ್ ಮೆಲ್ಲಗೆ ಹೇಳಿದಳು, ಮಗುವನ್ನು ಮಾತ್ರ ತೋರಿಸಲಿಲ್ಲ.

“ಬಾಯಿ ಹೇಗುಂಟು?” ಎಂದು ಒಲಿಂಡಾ ಕೇಳಿದಳು.

ನರ್ಸ್ ಬೆಚ್ಚಿ ತಿರುಗಿದಳು. “ನಿಮಗೆ ಹೇಗೆ ಗೊತ್ತಾಯ್ತು?”

ಮೇಲ್ದುಟಿಯಿಂದ ಮೂಗಿನವರೆಗೆ, ಒಂದು ಬದಿಗೆ. ಬಾಯಿಯ ಒಳಗೂ ಮೇಲ್ಗಡೆ ಸೀಳಿತ್ತು. ಡಾಕ್ಟರು ಒಳ್ಳೆಯವರು, ಹಾಸಿಗೆಯ ಬಳಿ ಕುಳಿತು ಹೇಳಿದರು. ಮಗು ಸ್ವಲ್ಪ ಬೆಳೆಯಲಿ, ಹೊಲಿದು ಸರಿಮಾಡಬಹುದು. ತುಟಿ ಕೂಡುವುದು ಬಸುರಿನ ಮೊದಲ ತಿಂಗಳುಗಳಲ್ಲಿ, ಗ್ರಹಣ ಬರುವಷ್ಟರಲ್ಲಿ ಅದೆಲ್ಲ ಆಗಿಹೋಗಿತ್ತು. ಒಲಿಂಡಾಳಿಗೆ ಆ ಮಾತು ಕಿವಿಯಿಂದ ಒಳಗೆ ಇಳಿಯಲಿಲ್ಲ. ಮಗು ಎದೆಗೆ ಬಾಯಿ ಹಾಕಿತು, ಎಳೆಯಲು ಆಗದೆ ಬಿಟ್ಟಿತು, ಮತ್ತೆ ಹಾಕಿ ಮತ್ತೆ ಬಿಟ್ಟು ಅತ್ತಿತು. ಹಾಲು ಸುಮ್ಮನೆ ಹರಿದು ಹಾಸಿಗೆ ಒದ್ದೆಯಾಯಿತು. ತಾನು ಈ ಮಗುವನ್ನು ಕೊಲ್ಲುತ್ತಿದ್ದೇನೆ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು.

ಜೆರ್ಟ್ರೂಡ್ ಒಳಗೆ ಬಂದಳು. ಒಲಿಂಡಾ ಅವಳ ಮುಖ ನೋಡಲಾರದೆ ಹೇಳಿದಳು.

“ಮಾಂಯ್, ನಾನು ಮಾಡಿದ್ದು. ಗ್ರಹಣದ ದಿನ ಕೊರೆಯುತ್ತಿದ್ದೆ. ಉಳಿ ಜಾರಿತು.”

“ಗೊತ್ತುಂಟು. ಅಕ್ಕಿ ತೆಗೆಯುವಾಗ ನೋಡಿದ್ದೇನೆ” ಎಂದಳು ಜೆರ್ಟ್ರೂಡ್. ಚೀಲದಿಂದ ಒಳಲೆ ತೆಗೆದಳು. ಸೊಸೆಯ ಹಾಲನ್ನು ಅದಕ್ಕೆ ಹಿಂಡಿಸಿ, ಮಗುವಿನ ತಲೆ ಎತ್ತಿ ಹಿಡಿದು, ಸೀಳಿಲ್ಲದ ಬದಿಯಿಂದ ಹನಿ ಹನಿಯಾಗಿ ಬಿಟ್ಟಳು. ಮಗು ನುಂಗಿತು. ಒಲಿಂಡಾ ಬಾಯಿ ಬಿಟ್ಟುಕೊಂಡು ನೋಡಿದಳು. ಇದನ್ನು ಯಾರು ಕಲಿಸಿದರು ನಿಮಗೆ ಎಂದು ಕೇಳಿದಳು.

ಜೆರ್ಟ್ರೂಡ್ ಒಳಲೆಯಿಂದ ಕಣ್ಣು ತೆಗೆಯದೆ ಹೇಳಿದಳು. ಅಷ್ಟೂ ವರ್ಷಗಳ ಮಾತನ್ನು ಅಂದೇ ಆಡಿದಳೋ ಏನೋ. ಕಜೆಟನಿಗೆ ಮೊದಲು ಅವಳಿಗೊಂದು ಹೆಣ್ಣು ಮಗುವಾಗಿತ್ತು. ಹೀಗೆಯೇ ಇತ್ತು. ಅವಸರದಲ್ಲಿ ಮ್ಯಾಗ್ಡಲಿನ್ ಎಂದು ಹೆಸರಿಟ್ಟು ಜ್ಞಾನಸ್ನಾನದ ನೀರು ಚಿಮುಕಿಸಿದರು. ತಾಯಿಯ ಎದೆಯಲ್ಲಿ ಹಾಲು ತುಂಬಿದ್ದರೂ ಮಗು ಹಸಿದು ಹಸಿದು ತೀರಿಹೋಯಿತು. ನೀನು ಏನೋ ಕೊಯ್ದಿರಬೇಕು, ಏನೋ ತಿಂದಿರಬೇಕು ಎಂದು ಮನೆಯವರೆಲ್ಲ ಅವಳನ್ನೇ ಹರಿದು ತಿಂದರು. ಬಹಳ ಕಾಲದ ಮೇಲೆ ಗಂಡನ ಸೋದರತ್ತೆಗೂ ಹಾಗೇ ಒಂದು ಹುಟ್ಟಿತ್ತೆಂದು, ಅದನ್ನು ಒಳಲೆ ಬದುಕಿಸಿತೆಂದು ತಿಳಿಯಿತು. ಆ ಮನೆಯಲ್ಲಿ ಅದರ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಅವಳೂ ಬಿಡಲಿಲ್ಲ. ಕಜೆಟನಿಗೂ ಗೊತ್ತಿಲ್ಲ.

“ನೀನು ಮಾಡಿದ್ದಲ್ಲ ಬಾಯೆ, ಇದು ನಮ್ಮ ಮನೆಯದ್ದು. ನನ್ನದು ಹುಟ್ಟಿದ ವರ್ಷ ಗ್ರಹಣವೇ ಇರಲಿಲ್ಲ” ಎಂದಳು.

ಫೆಬ್ರವರಿಯಿಂದ ಒಲಿಂಡಾಳ ಎದೆಯ ಮೇಲೆ ಕುಳಿತಿದ್ದದ್ದು ಆಗ ಇಳಿಯಿತು. ಅವಳು ಜೋರಾಗಿ ಅತ್ತಳು. ಇಡೀ ವಾರ್ಡು ತಿರುಗಿ ನೋಡಿತು. ನೋಡಲಿ.

ಮಗು ಒಳಲೆಯಲ್ಲೇ ಬೆಳೆಯಿತು. ಮಣಿಪಾಲದಲ್ಲೇ ತುಟಿ ಹೊಲಿದರು, ಆಮೇಲೆ ಬಾಯಿಯ ಒಳಗೂ ಹೊಲಿದರು. ಒಂದು ಸಣ್ಣ ಗೆರೆ ಉಳಿಯಿತು. ಸುಗಂಧಿ ಬಂದು ಮಗುವನ್ನೆತ್ತಿಕೊಂಡು ಗ್ರಹಣದ ಮಾತೆತ್ತಲು ಹೋದಾಗ, ಎಂದೂ ಎದುರು ಮಾತಾಡದ ಜೆರ್ಟ್ರೂಡ್, ಇದು ನಮ್ಮ ಕಡೆಯ ಮೂಗು, ನಮ್ಮ ಕಡೆಯ ತುಟಿ ಎಂದು ಗಟ್ಟಿಯಾಗಿ ಹೇಳಿಬಿಟ್ಟಳು.

ಅದರ ಮಾರನೆಯ ದಿನ ಅವಳೇ ಅಕ್ಕಿ ಡಬ್ಬದಿಂದ ಹಲಗೆ ತಂದು ಸೊಸೆಯ ಮುಂದಿಟ್ಟು, ನನಗೊಂದು ಅಚ್ಚು ಹಾಕಿಕೊಡು ಎಂದಳು. ಒಲಿಂಡಾಳ ಕೈ ಒಮ್ಮೆ ಹಿಂಜರಿಯಿತು. ಆಮೇಲೆ ಚಿತ್ತಾರದ ಸಂದುಗಳಲ್ಲಿ ಸಿಕ್ಕಿಕೊಂಡಿದ್ದ ತೌಡನ್ನು ಊದಿ ತೆಗೆದಳು, ಶಾಯಿ ಹಚ್ಚಿದಳು, ಕಾಗದ ಇಟ್ಟು ಚಿಪ್ಪಿನ ಸೌಟಿನ ಬೆನ್ನಿನಿಂದ ಉಜ್ಜಿದಳು. ಕಾಗದ ಎತ್ತಿದಾಗ ಹಲಸಿನೆಲೆ, ಬಂಗುಡೆಯ ಅಲೆ, ಚಾಪೆಯ ಹೆಣಿಗೆ ಎಲ್ಲ ಕಪ್ಪಗೆ ಮೂಡಿತ್ತು. ಮುಖದ ಮೇಲೆ ಆ ಬಿಳಿ ಗೆರೆಯೂ ಇತ್ತು.

ಶನಿವಾರ ಕಜೆಟನ್ ಬಂದಾಗ ತಾಯಿ ಅವನ ಕೈಗೆ ಮೊಳೆ ಕೊಟ್ಟು, ದೇವರ ಪಟವಿಟ್ಟ ಮನೆಯ ಆಲ್ತಾರಿನ ಪಕ್ಕ, ಸತ್ತ ಹಿರಿಯರ ಫೋಟೋಗಳ ಸಾಲಿನಲ್ಲಿ ಅದನ್ನು ತೂಗುಹಾಕು ಎಂದಳು. ಅವನು ಕಾಗದವನ್ನು ತಿರುಗಿಸಿ ನೋಡಿದ.

“ಇದೆಂತ ಅಮ್ಮ, ಫೋಟೋಗಳ ಸಾಲಿನಲ್ಲಿ ಮೊಲ?”

“ಇವಳದ್ದು ಬೇರೆ ಫೋಟೋ ಇಲ್ಲ” ಎಂದಳು ಜೆರ್ಟ್ರೂಡ್. “ನಿನ್ನ ಅಕ್ಕ.”