ಮರ್ಯಾದೆ ಬೇಡವೆಂದ ಕುಂಬೊ

ನಮ್ಮೂರಿನಲ್ಲಿ ಕೋಳಿ ಕೂಗುವುದಕ್ಕೂ ಮೊದಲು ಕುಂಬೊ ಬೈಯುತ್ತಿದ್ದಳು. ತಲೆಯ ಮೇಲೆ ಹಾಲಿನ ಸೋರೆಬುರುಡೆ, ಸೊಂಟದ ಮೇಲೊಂದು ಕೈ, ನಮ್ಮ ಮಣ್ಣಿನ ಗೋಡೆಯಾಚೆ ನಿಂತು ಗಂಟಲು ಹರಿಯುವಂತೆ, "ಏಯ್ ಹೆಂಡಗುಡುಕ ಬೊಬೊಗಳಾ, ನಿಮ್ಮ ಒಡತಿ ಬಂದಿದಾಳೆ, ಬಾಗಿಲು ತೆಗೀರಿ!" ಎನ್ನುವಳು. ಒಳಗಿನಿಂದ ನಮ್ಮಪ್ಪ ದೋಫಿನಿ, "ಯಾವ ಹಸುಗಳ್ಳಿ ಅದು? ನನ್ನ ಆಳು ನನಗೇ ಒಡತಿಯಾ? ಹಾಲಿಗೆ ಎಷ್ಟು ನೀರು ಬೆರೆಸಿದೀಯೇ?" ಎಂದು ತಿರುಗಿಸುತ್ತಿದ್ದ. ಅಷ್ಟಾದ ಮೇಲೆಯೇ ನಮಗೆ ಬೆಳಗಾಗುತ್ತಿದ್ದದ್ದು.

ಬೊಬೊಗಳಿಗೂ ಫುಲಾನಿಗಳಿಗೂ ಮುತ್ತಜ್ಜರ ಕಾಲದ ನಂಟು ಇದು. ನಾವು ಗುದ್ದಲಿಯವರು, ಅವರು ದನದವರು. ಬೈಯಬಹುದು, ಬೈಸಿಕೊಳ್ಳಬಹುದು, ಸಿಟ್ಟಾಗುವ ಹಾಗಿಲ್ಲ. ಹೆಣದ ಮನೆಗೂ ಬಂದು ಸತ್ತವನನ್ನು ಅಣಕಿಸಿ, ಅಳುವವರನ್ನು ನಗಿಸಿ ಹೋಗಬೇಕು. ಅವರು ಬಾರದ ಸಾವು ನಮ್ಮಲ್ಲಿ ನಾಯಿ ಸಾವು. ಬೇರೆಯವರು ಆಡಿದರೆ ತಲೆ ಒಡೆಯಬೇಕೆನ್ನಿಸುವ ಮಾತು ಕುಂಬೊ ಬಾಯಲ್ಲಿ ಬಂದರೆ ಹೊಟ್ಟೆ ತಣ್ಣಗಾಗುತ್ತಿತ್ತು. ನಾನು ಕೆಂಜೋಳದ ಹೆಂಡ ಕಾಯಿಸಿ ಮಾರುವವಳು, ನನ್ನ ಬಾಯೇನೂ ಕಡಿಮೆಯದಲ್ಲ. ಆದರೂ ಅವಳ ಮುಂದೆ ನಾನು ಮೂಕಿ.

ಅವಳು ಹುಟ್ಟಿದ್ದು ದೂರದ ಉತ್ತರದಲ್ಲಿ, ಉರ್ಸಿ ಕೆರೆಯ ದಂಡೆಯ ಮರಳುದಿಬ್ಬಗಳ ನಡುವೆ. ಕೆರೆ ಬತ್ತಿದ ವರ್ಷ, ಹೊಸದಾಗಿ ಮದುವೆಯಾದವಳು ಗಂಡನ ಜೊತೆ ಉಳಿದ ದನಗಳನ್ನು ಹೊಡೆದುಕೊಂಡು ದಕ್ಷಿಣಕ್ಕೆ ಹೊರಟಳು. ನಡುನಾಡಿನ ಕೆಂಪು ಬಯಲೆಲ್ಲ ಮೋಸಿ ಎಂಬ ಜನರದು. ಅವರಿಗೂ ಫುಲಾನಿಗಳಿಗೂ ಬೈಗುಳದ ನಂಟಿಲ್ಲ. "ಅಯ್ಯೋ, ಅಲ್ಲಿ ಕಂಡಕಂಡೋರಿಗೆಲ್ಲ ತಲೆ ಬಗ್ಗಿಸಿ ನಮಸ್ಕಾರ ಹೇಳೀ ಹೇಳೀ ನನ್ನ ನಾಲಿಗೆಗೆ ತುಕ್ಕು ಹಿಡೀತು ಕಣೇ," ಎನ್ನುತ್ತಿದ್ದಳು. ಮುಹೂನ್ ಹೊಳೆ ದಾಟಿ, ಕೆಂಪು ಕಲ್ಲಿನ ಬೆಟ್ಟಗಳ ಕೆಳಗೆ ನಮ್ಮ ಕೂ ತೊರೆಯ ಹತ್ತಿರ ಬಂದಾಗ, ಜೋಳದ ಹೊಲದಲ್ಲಿ ಬಗ್ಗಿದ್ದ ನಮ್ಮಪ್ಪನನ್ನು ನೀರು ಕೇಳಿದಳಂತೆ. ಅಪ್ಪ ತಲೆಯೆತ್ತಿ, "ಓಡಿಹೋದ ಆಳು ಕೊನೆಗೂ ಸಿಕ್ಕಿದಳಪ್ಪಾ! ಮೊದಲು ಗುದ್ದಲಿ ಹಿಡಿ, ಆಮೇಲೆ ನೀರು," ಎಂದನಂತೆ. ಕುಂಬೊ ಅಲ್ಲೇ ಕುಸಿದು ಕೂತು ನಕ್ಕಳಂತೆ. ಹೊಟ್ಟೆಗಿಲ್ಲದವಳು ಅಷ್ಟು ನಗುವುದನ್ನು ನೋಡಿ ಅಪ್ಪನೇ ಹೆದರಿದನಂತೆ. ಅಂದಿನಿಂದ ಅವಳ ಹಟ್ಟಿ ನಮ್ಮೂರಾಚೆಯ, ಎಣ್ಣೆಕಾಯಿ ಬಿಡುವ ಶಿಯಾ ಮರಗಳ ಕೆಳಗೆ.

ನಮ್ಮಮ್ಮ ತೀರಿಕೊಂಡಾಗ ನನಗೆ ಹಲ್ಲು ಬಂದಿರಲಿಲ್ಲ. ಅಣ್ಣ ಸಿರಿಕಿ ಮೊಣಕಾಲೆತ್ತರ ಇದ್ದ. ಮಳೆಯಿರಲಿ, ಧೂಳುಗಾಳಿಯಿರಲಿ, ತಾನೇ ತುಂಬುಬಸುರಿಯಾಗಿರಲಿ, ಕುಂಬೊ ಹಾಲು ತರುವುದನ್ನು ತಪ್ಪಿಸಲಿಲ್ಲ. ಸಜ್ಜೆ ಹಿಟ್ಟು ಕಲಸಿದ ಮೊಸರನ್ನು ಸಿರಿಕಿಯ ಬಾಯಿಗಿಡುತ್ತಾ, "ತಿನ್ನೋ ಸೋಮಾರಿ, ಬೇಗ ಬೆಳೆದು ನನ್ನ ದನ ಕಾಯಿ," ಎನ್ನುತ್ತಿದ್ದಳಂತೆ. ಇಂಥ ಮತ್ತೊಬ್ಬ ಹೆಂಗಸನ್ನು ನಾನು ಕಂಡಿಲ್ಲ, ಕಾಣುವುದೂ ಇಲ್ಲ.

ಹೋದ ವರ್ಷ, ತೆನೆ ಬಲಿತ ಹೊತ್ತಿನಲ್ಲಿ, ಅವಳ ಮಗನ ದನಗಳು ಸಿರಿಕಿಯ ಹೊಲಕ್ಕೆ ನುಗ್ಗಿ ಅರ್ಧ ಜೋಳ ಮೇಯ್ದುಬಿಟ್ಟವು. ಮಗ ಮರುದಿನವೇ ಒಂದು ಕೊಬ್ಬಿದ ಹೋರಿ ತಂದು ನಮ್ಮ ಅಂಗಳದಲ್ಲಿ ಕಟ್ಟಿದ. ಸಿರಿಕಿ ಅದನ್ನು ಬಿಚ್ಚಿ ವಾಪಸು ಕಳಿಸಿದ. ಕೂಗಾಡಿದ್ದರೆ ಚೆನ್ನಾಗಿತ್ತು, ಕೂಗಾಡಲಿಲ್ಲ. ಅಪ್ಪ ಆಗಲೇ ಹಾಸಿಗೆ ಹಿಡಿದಿದ್ದ, ಮಾತು ನಿಂತಿತ್ತು. ಬೆಳಿಗ್ಗೆ ಕುಂಬೊ ಎಂದಿನಂತೆ ಬೈದಾಗ ಸಿರಿಕಿ ಹೊರಗೆ ಹೋಗಿ ಕೈಕಟ್ಟಿ ನಿಂತು, "ನಮಸ್ಕಾರ ತಾಯಿ. ಮನೆಯಲ್ಲಿ ಎಲ್ಲರೂ ಕ್ಷೇಮವೇ? ಇವತ್ತು ಹಾಲು ಬೇಡ. ಹೋಗಿ ಬನ್ನಿ," ಎಂದ.

ಕುಂಬೊಳ ಮುಖ ಕಪ್ಪಿಟ್ಟಿತು. ನನ್ನ ಹೆಂಡದ ಒಲೆಯ ಮುಂದೆ ಬಂದು ಕುಕ್ಕರಿಸಿದಳು.

"ನನ್ನನ್ನ ತಾಯಿ ಅಂದ ಕಣೇ! ನಮಸ್ಕಾರ ಅಂದ! ಒದ್ದಿದ್ರೂ ಇಷ್ಟು ನೋಯ್ತಿರ್ಲಿಲ್ಲ."

ಸಿರಿಕಿಯನ್ನು ನೋಡಿ ಊರ ಹುಡುಗರೆಲ್ಲ ಮರ್ಯಾದಸ್ಥರಾದರು. ಎಲ್ಲಿ ಹೋದರೂ ಅವಳಿಗೆ ನಮಸ್ಕಾರ. ಸುಗ್ಗಿ ಮುಗಿದ ಮೇಲೆ ಫುಲಾನಿ ಹಟ್ಟಿಯನ್ನು ಎಬ್ಬಿಸಬೇಕು ಎಂಬ ಮಾತೂ ಹುಟ್ಟಿತು. ಎಬ್ಬಿಸಿದರೆ ಆ ಮುದುಕಿ ಹೋಗಬೇಕಾದರೂ ಎಲ್ಲಿಗೆ? ಉತ್ತರದಲ್ಲಿ ಈಗ ಬಂದೂಕಿನವರ ಕಾಟ. ಆ ದಾರಿಯಲ್ಲಿ ಹೋದವರೆಲ್ಲ ಮನೆ ಮುಟ್ಟುವುದಿಲ್ಲ. ಅಣ್ಣನ ಜೊತೆ ಜಗಳಕ್ಕೆ ಬಿದ್ದೆ. "ನಾನೇನು ಅವಮಾನ ಮಾಡಿದ್ನಾ? ಮರ್ಯಾದೆಯಾಗೇ ಮಾತಾಡಿದೀನಲ್ಲ," ಎಂದ. ಕತ್ತೆ!

ಅಷ್ಟರಲ್ಲಿ ಅಪ್ಪ ಹೋದ.

ಬಲಫೊನ್ ಬಾರಿಸುವವರು ಬಂದರು, ನೆಂಟರು ಬಂದರು. ಹಟ್ಟಿಯ ಕಡೆಯಿಂದ ಯಾರೂ ಇಲ್ಲ. ಇವತ್ತು ಅವಳು ಬಾರದಿದ್ದರೆ ನಂಟು ಮುಗಿದಂತೆ, ಹಟ್ಟಿ ಎದ್ದಂತೆ.

ಬಂದಳು. ಒಬ್ಬಳೇ ಬಂದಳು. ಹೆಗಲ ಮೇಲೆ ಮುರುಕು ಗುದ್ದಲಿ, ತಲೆಗೆ ಹರಕು ಟೋಪಿ. ಹೆಂಡ ಕುಡಿದ ಅಪ್ಪ ಹೇಗೆ ತೂರಾಡುತ್ತಿದ್ದನೋ ಹಾಗೇ ತೂರಾಡುತ್ತಾ, ಹಟ್ಟಿಯವರನ್ನು ತಡೆಯಲು ದೊಣ್ಣೆ ಹಿಡಿದು ನಿಂತ ಹುಡುಗರ ನಡುವೆಯೇ ನಡೆದು ಹೆಣದ ಮುಂದೆ ನಿಂತಳು.

"ಏನೋ ದೋಫಿನಿ, ನಾಟಕ ಆಡ್ತೀಯಾ? ಸುಗ್ಗಿ ಬಂತು, ಮೈ ಬಗ್ಗಿಸಬೇಕಾಗತ್ತೆ ಅಂತ ಸತ್ತೋದ್ಯಾ? ಮಣ್ಣೊಳಗೆ ಹೆಂಡ ಸಿಗಲ್ವಂತೆ, ವಿಚಾರಿಸ್ಕೊಂಡ್ಯಾ?"

ಚಿಕ್ಕಪ್ಪ ಕೆಮ್ಮಿದ ಹಾಗೆ ಮಾಡಿ ನಕ್ಕ. ನಾನಂತೂ ಅಳುತ್ತಲೇ ನಕ್ಕುಬಿಟ್ಟೆ. ಸಿರಿಕಿ ನಗಲಿಲ್ಲ.

ಹೆಣ ಎತ್ತುವ ಹೊತ್ತಿಗೆ ಅವಳು ಹೊಸ್ತಿಲಿಗೆ ಅಡ್ಡ ಮಲಗಿದಳು. ಇದೂ ನಮ್ಮಲ್ಲಿ ಇರುವುದೇ. ಒಂದು ಕೋಳಿ ಕೊಟ್ಟರೆ ಏಳುತ್ತಾರೆ. ಸಿರಿಕಿ ಕೋಳಿ ತಂದು ಬಗ್ಗಿ ನೀಡಿದ.

"ದಯವಿಟ್ಟು ಏಳಿ ತಾಯಿ."

"ಕೋಳಿ ನೀನೇ ತಿನ್ನು. ನನಗೆ ಬೈಯೋ."

"ದೊಡ್ಡವರು ನೀವು, ನಾನು ಹೇಗೆ..."

"ಥೂ! ನಿನ್ನ ಹೊಲ ಮೇಯ್ದಿದ್ದು ತಪ್ಪು, ಸಾವಿರ ಸಲ ತಪ್ಪು. ಏನು ಬೇಕೋ ಕೇಳು, ಕೊಡ್ತೀನಿ. ಈ ಮರ್ಯಾದೆ ಮಾತ್ರ ಬೇಡ ಕಣೋ. ಅದನ್ನ ಹೊರಗಿನೋರಿಗೆ ಕೊಡು. ನೀನು ಬೈಯೋ ತನಕ ನಾನು ಏಳಲ್ಲ. ತುಳ್ಕೊಂಡು ಹೋಗ್ತೀಯಾ, ಹೋಗು."

ಹೆಣ ಹೊತ್ತವರು ಹೆಗಲು ಬದಲಿಸಿದರು. ಬಲಫೊನ್ ನಿಂತಿತು. ಬಿಸಿಲು ಏರುತ್ತಿತ್ತು. "ಬೈದುಬಿಡೋ, ನಿಮ್ಮಪ್ಪನ್ನ ಎಷ್ಟು ಹೊತ್ತು ಕಾಯಿಸ್ತೀಯಾ!" ಎಂದು ಚಿಕ್ಕಪ್ಪ ಗದರಿದ. ಸಿರಿಕಿ ಹೊಸ್ತಿಲ ಮೇಲೆ ಚಾಚಿದ್ದ ಆ ಬಿರುಕುಬಿಟ್ಟ ಪಾದಗಳನ್ನೇ ನೋಡುತ್ತಿದ್ದ.

"ಏಳೇ..." ಎಂದ. "ಏಳೇ ಹಸುಗಳ್ಳಿ! ಕೊಕ್ಕರೆ ಕಾಲಿನವಳೇ! ನಮ್ಮಪ್ಪ ಹೊರಡೋ ಹೊತ್ತಿಗೇ ನಿಂಗೆ ನಿದ್ದೆ ಬಂತಾ? ಇರು, ನೀನೂ ಒಂದಿನ ಸಾಯ್ತೀಯಲ್ಲ, ಅವತ್ತು ನಿನ್ನ ಹಟ್ಟಿ ಬಾಗಿಲಿಗೆ ನಾನೂ ಹೀಗೇ ಅಡ್ಡ ಮಲಗ್ತೀನಿ. ಒಂದು ಕೋಳಿಗೆಲ್ಲ ಏಳೋನಲ್ಲ ನಾನು!"

ಕುಂಬೊ ತಲೆಯೆತ್ತಿದಳು.

"ಇಲ್ಲೇನಾ? ಈ ಊರಲ್ಲೇ ಸಾಯ್ಲಾ?"

"ಮತ್ತೆಲ್ಲಿ ಸಾಯ್ತೀಯೇ ಮುದುಕಿ? ನಿನ್ನ ಬಾಯಿ ಇನ್ಯಾರು ತಡ್ಕೋತಾರೆ?"

ಹುಡುಗರು ದೊಣ್ಣೆಗಳನ್ನು ಕೆಳಗಿಳಿಸಿದರು. ಕುಂಬೊ ಕೈ ಚಾಚಿದಳು, ಸಿರಿಕಿ ಬಗ್ಗಿ ಎಬ್ಬಿಸಿದ. ಎದ್ದವಳು ಅವನ ಎದೆಗೆ ಮುಖವಿಟ್ಟು ಅತ್ತಳು. ನಂಟಿನವರು ಹೆಣದ ಮನೆಯಲ್ಲಿ ಅಳುವ ಹಾಗಿಲ್ಲ. ಆದರೂ ಅವಳು ಅತ್ತು ಮುಗಿಯುವವರೆಗೂ ನಾವೆಲ್ಲ ಕಾದೆವು, ಆಮೇಲೆ ಅಪ್ಪನನ್ನು ಹೊರಗೆ ತಂದೆವು.