ಜೀಪಿನಡಿಯ ಮೂರು ಗೆರೆ

ಹೊಸಪೇಟೆಯ ಗ್ಯಾರೇಜಿನಲ್ಲಿ ಹಳೆ ಜೀಪಿನ ಹಿಂದಿನ ಚಕ್ರಗಳ ನಡುವಿಂದ ಬಿಚ್ಚಿದ, ಗೇರುಗಳನ್ನು ಕಾಯುವ ಕಬ್ಬಿಣದ ಮುಚ್ಚಳವಾದ ಡಿಫರೆನ್ಶಿಯಲ್ ಕವರನ್ನು ಮೆಕ್ಯಾನಿಕ್ ಒರೆಸುತ್ತಿದ್ದಂತೆ, ಕೆಂಪು ಕೆಸರಿನಡಿ ಮೂರು ಬಿಳಿ ಗೆರೆ ಕಂಡವು. ಸ್ಕೂಟರ್ ರಿಪೇರಿಗೆ ಬಂದಿದ್ದ ನಾನು ನಿಂತಲ್ಲೇ ನಿಂತೆ. ಅಪ್ಪ ಹೋದ ಮೇಲೆ ನಾವು ಮಾರಿದ್ದ ಜೀಪು ಅದು!

ಆಯುಧಪೂಜೆಗೆ ಅಪ್ಪ ಜೀಪಿನಡಿ ಮಲಗಿ, ವಿಭೂತಿ ನಿಲ್ಲುವುದಿಲ್ಲವೆಂದು ಪೇಂಟಿನಲ್ಲೇ ಆ ಗೆರೆ ಎಳೆಯುತ್ತಿದ್ದ. ಬಾನೆಟ್ಟಿಗೆ ಹಾರ ಹಾಕುತ್ತಿದ್ದ ನನಗೆ, ‘ಸಂಡೂರು ಗುಡ್ಡದಾಗ ಕಲ್ಲಿನ ಏಟು ತಿನ್ನೋದು ಇದು ನೋಡವ್ವ’ ಅನ್ನುತ್ತಿದ್ದ. ನನ್ನನ್ನು ಮಾತ್ರ ಕೆಳಗೆ ಬಿಡುತ್ತಿರಲಿಲ್ಲ.

ವಿಷಯ ತಿಳಿದ ಜೀಪಿನ ಈಗಿನ ಮಾಲೀಕ, ತಾನು ತರಿಸಿದ್ದ ಹೊಸ ದಪ್ಪ ಕವರ್ ಕೂರಿಸಿದ ಮೇಲೆ ನನ್ನ ಕೈಗೆ ಬ್ರಶ್ ಕೊಟ್ಟ. ‘ಇದಕ್ಕೂ ನೀವ ಎಳೀರಿ, ಅಕ್ಕಾರ.’ ಜೀಪಿನಡಿ ಮಲಗಿ ಎಳೆದೆ.

ಮನೆಗೆ ಬಂದಾಗ ನನ್ನ ಬೆನ್ನಿಗಂಟಿದ್ದ ಕೆಂಪು ಮಣ್ಣನ್ನು ಅವ್ವ ಕೊಡವಲಿಲ್ಲ. ‘ನಿಮ್ಮಪ್ಪ ಬಂದಂಗಾತು’ ಅಂದಳು.