ನಾಲ್ಕು ನೂರರ ಗೂಬೆ

ಕಳೆದ ಆಷಾಢದಲ್ಲಿ ಒಂದು ಅಂಗಿಯ ಬೆಲೆ ನೋಡಿ, ರಾಯಚೂರಿನ ಸೆಕೆಯಲ್ಲೂ ನಾನು ಒಂದು ಗಳಿಗೆ ತಣ್ಣಗಾದೆ. ಅಂಗಿ ನನಗಲ್ಲ, ನನ್ನ ಅಂಗಿಗಳ ಬೆಲೆ ಕೇಳಿ ಯಾರಾದರೂ ಬೆಚ್ಚುವ ಸಂಭವ ಈ ಜನ್ಮದಲ್ಲಿಲ್ಲ. ಅದು ನನ್ನ ಇ-ರೀಡರಿಗೆ, ಎಂದರೆ ಶಾಲೆಯ ಸ್ಲೇಟಿನಂತೆ ಕಾಣುವ, ಹೊಟ್ಟೆಯಲ್ಲಿ ಸಾವಿರ ಪುಸ್ತಕ ಇಟ್ಟುಕೊಂಡೂ ತೇಗದೆ ಕೂರುವ ಆ ಓದುವ ಯಂತ್ರಕ್ಕೆ. ಯಂತ್ರವನ್ನು ಮಾಡಿದ ಕಂಪನಿಯೇ ಹೊಲಿಸಿದ ಹೊದಿಕೆಗೆ ಎರಡು ಸಾವಿರ ರೂಪಾಯಿ. ಅದೇ ಅಳತೆಗೆ ಬೇರೆ ಯಾರೋ ಹೊಲಿದ ಹೊದಿಕೆಗೆ ನಾಲ್ಕು ನೂರು. ನನ್ನ ಕಣ್ಣಿಗೆ ಕಂಡ ವ್ಯತ್ಯಾಸವೆಂದರೆ ಮೊದಲನೆಯದರ ಪಕ್ಕದಲ್ಲಿ ‘ಅಧಿಕೃತ’ ಎಂದು ಬರೆದಿತ್ತು. ನಾಲ್ಕು ಅಕ್ಷರಕ್ಕೆ ಹದಿನಾರು ನೂರು ಎಂದರೆ ಅಕ್ಷರಕ್ಕೆ ನಾಲ್ಕು ನೂರರ ದರವಾಯಿತು. ಇಪ್ಪತ್ತೈದು ವರ್ಷ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡಿದ್ದೇನೆ ಗೆಳೆಯರೇ, ನನ್ನ ಯಾವ ಅಕ್ಷರಕ್ಕೂ ಈ ದರ ಹುಟ್ಟಿಲ್ಲ.

ಅಧಿಕೃತ ಎಂಬ ಮಾತಿನ ಮೇಲೆ ನಮ್ಮ ಸೀಮೆಯವರ ನಂಬಿಕೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಬೇಸಿಗೆಯಲ್ಲಿ ಇಲ್ಲೊಂದು ಅಧಿಕೃತ ಉಷ್ಣಾಂಶವಿರುತ್ತದೆ. ಅದನ್ನು ಅಳೆದವರು ನೆರಳಲ್ಲಿರುತ್ತಾರೆ, ನಾವು ಬಿಸಿಲಲ್ಲಿರುತ್ತೇವೆ. ದೇವದುರ್ಗದ ಬಸ್ಸಿಗೆ ಒಂದು ಅಧಿಕೃತ ವೇಳೆಯಿದೆ. ಅದನ್ನು ನಂಬಿ ನಿಂತವನನ್ನು ಕೊನೆಗೆ ಊರು ಮುಟ್ಟಿಸುವುದು ಹಿಂದೆ ಮುಂದೆ ಜನ ಜೋತುಬಿದ್ದ ಟಂಟಂ ಆಟೊ. ನಾನು ಬೆಳೆದ ಮಾನ್ವಿಯಲ್ಲಿ ಅಪ್ಪ ಅಕ್ಕಿ ಗಿರಣಿಯ ಗುಮಾಸ್ತರಾಗಿದ್ದರು. ಪುಸ್ತಕಗಳಿಗೆ ಖಾಕಿ ಕಾಗದದ ಹೊದಿಕೆಯೇ ಬೇಕೆಂದು ಶಾಲೆಯವರು ಆಜ್ಞೆ ಮಾಡಿದರೆ, ಅಪ್ಪ ಹರಿದ ಪ್ಲಾಸ್ಟಿಕ್ ಅಕ್ಕಿಚೀಲವನ್ನು ಕತ್ತರಿಸಿ, ಮಡಿಚಿ, ದಬ್ಬಣದಿಂದ ಹೊಲಿದು ಕೊಡುತ್ತಿದ್ದರು. ಚೀಲದ ಮೇಲಿನ ಗಿಳಿ ಹೀಗಾಗಿ ನನ್ನ ವಿದ್ಯಾಭ್ಯಾಸದ ತುಂಬ ಚದುರಿಹೋಯಿತು: ಗಣಿತದ ಮೇಲೆ ಕೊಕ್ಕು, ವಿಜ್ಞಾನದ ಮೇಲೆ ಬಾಲ, ಸಮಾಜದ ಮೇಲೆ ‘ಇಪ್ಪತ್ತೈದು ಕೆಜಿ’. ಮೇಷ್ಟ್ರು ನಕ್ಕರು, ಹುಡುಗರು ನಕ್ಕರು. ಆದರೆ ಮೊದಲ ಮಳೆಗೆ ಖಾಕಿ ಹೊದಿಕೆಗಳು ಹಪ್ಪಳದ ಹಿಟ್ಟಿನಂತೆ ಮೆತ್ತಗಾದಾಗ ನನ್ನ ಪುಸ್ತಕಗಳು ಹನಿ ನೀರು ಕುಡಿದಿರಲಿಲ್ಲ. ಬಾಲ್ಯದಲ್ಲಿ ಹೀಗೆ ಒಮ್ಮೆ ಗೆದ್ದ ಜಿಪುಣತನ ಮನುಷ್ಯನನ್ನು ಆಮೇಲೆ ಬಿಡುವುದಿಲ್ಲ.

ಆದರೂ ಎರಡು ವರ್ಷ ಬೆತ್ತಲೆಯಾಗಿಯೇ ಬಾಳಿದ ಯಂತ್ರಕ್ಕೆ ಈಗ ಏಕಾಏಕಿ ಅಂಗಿ ಏಕೆಂದು ನೀವು ಕೇಳಬೇಕು. ಕಾರಣ ನನ್ನ ದೊಡ್ಡವ್ವ ಗುರಬಸಮ್ಮ. ಅವ್ವನ ಅಕ್ಕ, ದೇವದುರ್ಗದಲ್ಲಿ ಮಗ ಸೊಸೆಯರೊಂದಿಗೆ ಇದ್ದಾಳೆ. ಓಣಿಯ ಗುಡಿಯಲ್ಲಿ ಶ್ರಾವಣದ ತಿಂಗಳಿಡೀ ಮಧ್ಯಾಹ್ನ ಹೆಣ್ಣುಮಕ್ಕಳಿಗಾಗಿ ಶರಣರ ಪುರಾಣ ಓದುವುದು ಆಕೆಯ ಕೆಲಸ. ಇಪ್ಪತ್ತೆರಡು ಶ್ರಾವಣ ಓದಿದ್ದಾಳೆ. ವರ್ಷದ ಹನ್ನೊಂದು ತಿಂಗಳು ಆಕೆಯ ಮಾತಿಗೆ ಮನೆಯಲ್ಲಿ ಇರುವ ಬೆಲೆ ಎಲ್ಲರ ಮನೆಯ ಮುದುಕಿಯರ ಮಾತಿಗಿರುವಷ್ಟೇ. ಆ ಒಂದು ತಿಂಗಳು ಮಾತ್ರ ನಲವತ್ತು ಜನ ಉಸಿರು ಬಿಗಿಹಿಡಿದು ಆಕೆಯ ಬಾಯಿ ನೋಡುತ್ತಾರೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಕಾಣದೆ ಹಿಂದಿನ ವರ್ಷ ಎರಡು ಕಡೆ ಸಾಲು ತಪ್ಪಿ ಓದಿಬಿಟ್ಟಳು. ಎದುರು ಮನೆಯ ಶಾಂತಮ್ಮನಿಗೆ ಅಷ್ಟೇ ಸಾಕಾಯಿತು. ಆಕೆಯ ಸೊಸೆ ಬಿ.ಎಡ್. ಮಾಡಿದ್ದಾಳೆ, ಅದನ್ನು ಓಣಿ ಮರೆಯದಂತೆ ನೋಡಿಕೊಳ್ಳುವ ಹೊಣೆ ಶಾಂತಮ್ಮನದು. “ಬರೋ ವರ್ಷ ನಮ್ಮ ಹುಡುಗಿನ ಓದ್ಲಿ ಬಿಡ್ರಿ, ನಿಮಗೂ ತ್ರಾಸ ಆಗಾಕತ್ತದ,” ಎಂದು ಎಲ್ಲರೆದುರು ಕರುಣೆ ತೋರಿಸಿದ್ದಳು.

ದೊಡ್ಡವ್ವ ನನಗೆ ಫೋನು ಮಾಡಿ ಅತ್ತಳು. ನಾನು ಆ ಪುರಾಣವನ್ನು ಇ-ರೀಡರಿಗೆ ಇಳಿಸಿ, ಅಕ್ಷರಗಳನ್ನು ಹುಣಸೆಬೀಜದಷ್ಟು ದಪ್ಪ ಮಾಡಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಒಂದು ಪುಟ ಗಟಗಟನೆ ಓದಿ, ಕಣ್ಣೊರೆಸಿಕೊಂಡು, ಆಮೇಲೆ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಎಲ್ಲ ಚಲೋ ಅದ ತಮ್ಮಾ. ಆದ್ರ ಹಿಂಗ ಬರೇ ಹಲಗಿ ಹಿಡ್ಕೊಂಡು ಕುಂತ್ರ ಮುದುಕಿ ಗುಡ್ಯಾಗ ಫೋನ್ ನೋಡಾಕತ್ಯಾಳ ಅಂತಾರ. ಪುಸ್ತಕದಂಗ ಕಾಣಾಕ ಏನರ ಹಾಕ್ಸು,” ಎಂದಳು.

ಹೀಗೆ ಅಂಗಿಯ ಬೇಟೆ ಶುರುವಾಯಿತು. ಮೊದಲು ರಾಯಚೂರಿನ ತೀನ್ ಕಂದೀಲ್ ಹತ್ತಿರದ ಮೊಬೈಲ್ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯಾತ ಯಂತ್ರವನ್ನು ನಾಲ್ಕೂ ಅಂಚಿನಲ್ಲಿ ತಡವಿ, “ಸಿಮ್ ಎಲ್ಲಿ ಹಾಕ್ತೀರಿ ಸರ್?” ಎಂದ. ಸಿಮ್ ಇಲ್ಲ ಎಂದೆ. ಕ್ಯಾಮೆರಾ? ಇಲ್ಲ. ಹಾಡು? ಇಲ್ಲ. “ಮತ್ತ ಇದಕ್ಕ ಯಾಕ್ರಿ ಕವರು, ಇದನ್ನ ಯಾರು ಕದಿತಾರ?” ಎಂದು ಬಹಳ ಪ್ರಾಮಾಣಿಕವಾಗಿ ಕೇಳಿದ. ಮನೆಗೆ ಬಂದು ಆನ್‌ಲೈನಿನಲ್ಲಿ ನೋಡಿದರೆ ಅಧಿಕೃತ ಹೊದಿಕೆ ಒಂದೇ ನಮೂನೆ, ಕಪ್ಪು, ವಿಮಾ ಏಜೆಂಟರ ಡೈರಿಯ ಹಾಗೆ. ನಾಲ್ಕು ನೂರರ ಜಾತಿಯಲ್ಲಿ ನನ್ನ ಯಂತ್ರದ ಅಳತೆಗೆ ಉಳಿದಿದ್ದದ್ದೂ ಒಂದೇ ನಮೂನೆ: ಮುಂಭಾಗದ ತುಂಬ ಕಣ್ಣು ಬಿಟ್ಟುಕೊಂಡು ಕೂತ ಒಂದು ಗೂಬೆ.

ಯಾವುದೋ ದೇಶದಲ್ಲಿ ಗೂಬೆ ಜ್ಞಾನದ ಗುರುತಂತೆ. ನಮ್ಮಲ್ಲಿ ಯಾವುದರ ಗುರುತೆಂದು ನಿಮಗೆ ಹೇಳಬೇಕಾಗಿಲ್ಲ. ಗೂಬೆ ಹೊಕ್ಕ ಮನೆಗೆ ಬೀಗ ಜಡಿದು ಮೂರು ತಿಂಗಳು ಹೊರಗಿದ್ದವರನ್ನು ಮಾನ್ವಿಯಲ್ಲಿ ನಾನೇ ಕಂಡಿದ್ದೇನೆ. “ಗುಡಿಗೆ ಗೂಬಿ ಕಳಸ್ತೀರೇನ್ರಿ?” ಎಂದು ನನ್ನ ಹೆಂಡತಿ ಕೇಳಿದಳು. ಹದಿನಾರು ನೂರು ಉಳಿಯುತ್ತದೆ ಎಂದೆ. ಮೂಢನಂಬಿಕೆಯ ವಿರುದ್ಧ ಪುಟ್ಟದೊಂದು ಭಾಷಣವನ್ನೂ ಮಾಡಿದೆ. ವೈಚಾರಿಕತೆ ನನ್ನಲ್ಲಿ ಯಾವಾಗಲೂ ಇದೆ. ಅದು ಜಾಗೃತವಾಗುವುದು ಹಣ ಉಳಿಯುವ ಸಂದರ್ಭಗಳಲ್ಲಿ.

ದೊಡ್ಡವ್ವ ಗೂಬೆಯನ್ನು ನೋಡಿದಳು, ಗೂಬೆ ದೊಡ್ಡವ್ವನನ್ನು ನೋಡಿತು. ಆಕೆ ಬಯ್ಯಲಿಲ್ಲ. ಅಷ್ಟು ದೂರದಿಂದ ತಂದವನಿಗೆ ಬಯ್ಯುವುದು ಆಕೆಯ ಸ್ವಭಾವವಲ್ಲ. ಹೊದಿಕೆಯನ್ನು ಪುಸ್ತಕದಂತೆ ಅಗಲವಾಗಿ ತೆರೆದು, ಗೂಬೆ ಕೆಳಮುಖವಾಗುವಂತೆ ಪುರಾಣದ ಮರದ ಪೀಠದ ಮೇಲೆ ಇಟ್ಟಳು. ಈಗ ಮೇಲೆ ಕಾಣುವುದು ದಪ್ಪ ಅಕ್ಷರ, ಬದಿಗೆ ಕಾಣುವುದು ರಟ್ಟಿನ ಅಂಚು. ಗೂಬೆ ಪೀಠವನ್ನು ನೋಡುತ್ತ ತನ್ನ ಪಾಡಿಗೆ ಇತ್ತು. “ಮುಚ್ಚಲಿಲ್ಲ ಅಂದ್ರ ಯಾರಿಗೂ ಕಾಣೂದಿಲ್ಲ,” ಎಂದಳು. ಶ್ರಾವಣದ ಮೊದಲ ಸೋಮವಾರ ನಾನೂ ಗುಡಿಯಲ್ಲಿದ್ದೆ. ದೊಡ್ಡವ್ವ ಒಂದು ಸಾಲೂ ತಪ್ಪದೆ ಓದಿದಳು. ನಾನು ಎದೆಯುಬ್ಬಿಸಿಕೊಂಡು, ಮಂಗಳಾರತಿಗೂ ನಿಲ್ಲದೆ ಬಸ್ಸು ಹಿಡಿದೆ.

ಗುರುವಾರ ಫೋನು ಬಂತು. “ತಮ್ಮಾ, ನಿನ್ನ ಹಲಗಿ ತಾನಾ ಓಡತದ. ನಾ ಬಿಟ್ಟ ಜಾಗದಾಗ ಇರೂದಿಲ್ಲ. ನಾಲ್ಕ ಮಂದ್ಯಾಗ ನನ್ನ ಮರ್ಯಾದಿ ಹೋತು.” ನಡೆದದ್ದಿಷ್ಟು. ಹಿಂದಿನ ದಿನ ಕಥೆ, ಶರಣರ ತಾಯಿ ಬಸುರಿಯಾಗಿ ಬಯಕೆಯ ಊಟ ಮಾಡುವಲ್ಲಿ ನಿಂತಿತ್ತು. ಮರುದಿನ ದೊಡ್ಡವ್ವ ಯಂತ್ರ ತೆರೆದಲ್ಲಿಂದ ಭಕ್ತಿಯಿಂದ ಓದಿದಳು. ಒಂದು ಪುಟವಾದ ಮೇಲೆ ಶಾಂತಮ್ಮ ಕೈ ಎತ್ತಿದಳಂತೆ. “ಗುರಬಸಮ್ಮಾರ, ಒಂದ್ ಮಾತು. ನಿನ್ನಿ ಆಕಿ ಬಯಕಿ ಊಟ ಉಂಡ್ಲು. ಇವತ್ತ ಮಗನ್ನ ಮಠಕ್ಕ ಓದಾಕ ಕಳಿಸ್ಯಾಳ. ಹಡದಿದ್ದು ಯಾವಾಗ್ರಿ?” ಇಡೀ ಗುಡಿ ನಕ್ಕಿತು. ಸೋಮವಾರದಿಂದ ಸೊಸೆಯೇ ಓದಲಿ ಎಂದು ಶಾಂತಮ್ಮ ತೀರ್ಪು ಕೊಟ್ಟಳು, ಬೇಡ ಎನ್ನುವ ಬಾಯಿ ಯಾರಿಗೂ ಬರಲಿಲ್ಲ.

ಶನಿವಾರ ನಾನು ಗುಡಿಯ ಹಿಂದಿನ ಕಂಬಕ್ಕೆ ಒರಗಿ ಕುಳಿತೆ, ಈ ಸಲ ಮಂಗಳಾರತಿಗೂ ನಿಂತೆ. ನೋಡಿದರೆ, ಆರತಿಯಾದ ಮೇಲೆ ಒಬ್ಬೊಬ್ಬ ಹೆಣ್ಣುಮಗಳೂ ಪೀಠದ ಹತ್ತಿರ ಬಂದು, ತೆರೆದ ಪುರಾಣವನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಕಂಕುಳ ಕೂಸಿನ ಪರವಾಗಿ ಇನ್ನೊಮ್ಮೆ, ಊರಿಗೆ ಹೋದ ಗಂಡನ ಪರವಾಗಿ ಮತ್ತೊಮ್ಮೆ. ಎಡಗೈಯಿಂದ ಯಾರೂ ಮುಟ್ಟುವುದಿಲ್ಲ. ಎಲ್ಲರದೂ ಬಲಗೈ, ಅದು ಬೀಳುವುದು ಪುಟದ ಬಲಕ್ಕೆ. ಮತ್ತು ಬಲಕ್ಕೆ ಮುಟ್ಟಿದರೆ ಈ ಯಂತ್ರ ಮುಂದಿನ ಪುಟಕ್ಕೆ ಹೋಗುತ್ತದೆ. ನಲವತ್ತು ಜನರ ಭಕ್ತಿ ದಿನಕ್ಕೆ ನೂರು ಪುಟ ಮುಂದೋಡುತ್ತಿತ್ತು. ಮೊದಲೆರಡು ದಿನ ಹಾರಿದ್ದು ಬರೀ ದೇವರ ಸ್ತುತಿಯ ಪುಟಗಳಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಕಾಗದದ ಪುರಾಣ ಎಷ್ಟೋ ತಲೆಮಾರಿನ ಬೆರಳುಗಳನ್ನು ಮಿಸುಕಾಡದೆ ಸಹಿಸಿಕೊಂಡಿತ್ತು. ಹನ್ನೊಂದು ಸಾವಿರದ ಯಂತ್ರಕ್ಕೆ ಒಂದು ವಾರದ ನಮಸ್ಕಾರ ತಾಳಲಾಗಲಿಲ್ಲ.

ಇಷ್ಟಕ್ಕೆ ಉಪಾಯವೇನು ದೊಡ್ಡದಲ್ಲ. ಆರತಿಗೆ ಮೊದಲು ಹೊದಿಕೆ ಮುಚ್ಚಿಬಿಟ್ಟರೆ ಆಯಿತು, ಮುಟ್ಟುವವರು ಮೇಲಿನ ರಟ್ಟನ್ನು ಮುಟ್ಟುತ್ತಾರೆ. ಆದರೆ ಮುಚ್ಚಿದರೆ ಗೂಬೆ ಮೇಲೆ ಬರುತ್ತದೆ. ಆ ಎರಡು ಸಾವಿರದ ಪೆದ್ದು ಕಪ್ಪು ಹೊದಿಕೆಯನ್ನು ತಂದಿದ್ದರೆ ಯಾವ ತೊಡಕೂ ಇರಲಿಲ್ಲ. ಮನೆಗೆ ಬಂದು ದೊಡ್ಡವ್ವನಿಗೆ ಇದನ್ನೆಲ್ಲ ವಿವರಿಸಿದೆ. ವಿವರಿಸುವ ಭರದಲ್ಲಿ ಬೆಲೆಯೂ ಬಾಯಿಂದ ಬಿತ್ತು. “ಹದಿನಾರ ನೂರು ಅಂತ ಹೇಳಿದ್ರ ನಾನಾ ಕೊಡ್ತಿದ್ನಲ್ಲೋ ಯಪ್ಪಾ,” ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಗೆಳೆಯರೇ, ನನಗೆ ನಿಜವಾಗಿ ನಾಚಿಕೆಯಾಯಿತು. ಆಕೆಗೆ ಇದ್ದದ್ದು ಅದೊಂದು ಪೀಠ, ಅದರ ಮೇಲೆ ನಾನು ಉಳಿತಾಯ ಮಾಡಿದ್ದೆ.

ಅಧಿಕೃತ ಅಂಗಿ ತರಿಸಲು ನಾಲ್ಕು ದಿನ ಬೇಕು, ಸೋಮವಾರಕ್ಕೆ ಇದ್ದದ್ದು ಒಂದೇ ದಿನ. ದೊಡ್ಡವ್ವ ಪೆಟ್ಟಿಗೆಯಿಂದ ತನ್ನ ಕುಪ್ಪಸಕ್ಕೆಂದು ಎತ್ತಿಟ್ಟಿದ್ದ ಕೆಂಪು ಅಂಚಿನ ಹಸಿರು ಖಣವನ್ನು ತೆಗೆದುಕೊಟ್ಟಳು. ಪೇಟೆಯ ಕುಪ್ಪಸ ಹೊಲಿಯುವ ದರ್ಜಿಯ ಮುಂದೆ ಖಣ ಹರವಿದೆ. “ಅಳತಿ ಕುಪ್ಪಸ ತಂದೀರೇನ್ರಿ?” ಎಂದ. ಗೂಬೆಯನ್ನು ಮುಂದಿಟ್ಟೆ. ಆತ ನನ್ನನ್ನೂ ಅದನ್ನೂ ಒಂದೆರಡು ಸಲ ಹೋಲಿಸಿ ನೋಡಿ, ಗೂಬೆಯ ಮೇಲೊಂದು ಅಂಗಿ ಹೊಲಿಯಲು ಟೇಪು ಹಿಡಿದ. ಅಸ್ತರು, ಅಂಚಿಗೆ ಜರಿ, ಭಾನುವಾರದ ತುರ್ತು, ಎಲ್ಲ ಸೇರಿ ಅವನಿಗೆ ಎಷ್ಟು ಕೊಟ್ಟೆ, ಎರಡು ಸಲ ಓಡಾಡಿದ್ದಕ್ಕೆ ಎಷ್ಟಾಯಿತು, ಕೊನೆಗೆ ಆ ಹದಿನಾರು ನೂರರಲ್ಲಿ ಉಳಿದದ್ದೆಷ್ಟು ಎಂದು ದಯವಿಟ್ಟು ಕೇಳಬೇಡಿ. ನನ್ನ ಹೆಂಡತಿ ಕೇಳಿದ್ದಾಳೆ, ಅವಳಿಗೂ ಹೇಳಿಲ್ಲ.

ಸೋಮವಾರ ಶಾಂತಮ್ಮ ಸೊಸೆಯನ್ನು ಇಸ್ತ್ರಿ ಮಾಡಿದ ಸೀರೆಯಲ್ಲಿ ಕರೆತಂದು ಪೀಠದ ಹತ್ತಿರವೇ ಕೂರಿಸಿದ್ದಳು. ದೊಡ್ಡವ್ವ ಅವರನ್ನು ದಾಟಿಕೊಂಡು ಹೋಗಿ ತನ್ನ ಜಾಗದಲ್ಲಿ ಕುಳಿತಳು. “ಶಾಂತಮ್ಮಾರ, ಹಡದಿದ್ದು ಯಾವಾಗ ಅಂತ ಕೇಳಿದ್ರಲ್ಲ, ಕೇಳ್ರಿ,” ಎಂದು ನಾನು ಹಿಂದಕ್ಕೆ ಸರಿಸಿ ಕೊಟ್ಟಿದ್ದ ಪುಟದಿಂದ ಶುರುಮಾಡಿದಳು. ಒಂಬತ್ತು ತಿಂಗಳು ತುಂಬಿದ್ದು, ನೋವು ಬಂದದ್ದು, ಸೂಲಗಿತ್ತಿಗೆ ಹೇಳಿಕಳಿಸಿದ್ದು. ಆ ಹೆರಿಗೆಯನ್ನು ಅವತ್ತು ಎಷ್ಟು ನಿಧಾನವಾಗಿ, ಎಷ್ಟು ಬೆಡಗಿನಿಂದ ಓದಿದಳೆಂದರೆ, ಮುಂದಿನ ಸಾಲಿನಲ್ಲಿದ್ದ ಇಬ್ಬರು ಕಣ್ಣೊರೆಸಿಕೊಂಡರು. ಆರತಿಗೆ ಮೊದಲು ಪುರಾಣ ಮುಚ್ಚಿದಳು. ನಲವತ್ತು ಜನ ಬಂದು ಹಸಿರು ಖಣ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದರೊಳಗಿದ್ದ ಗೂಬೆಗೆ ತಲೆತಲಾಂತರದ ಅವಮಾನ ಒಂದೇ ಮಧ್ಯಾಹ್ನದಲ್ಲಿ ತೀರಿತು. ಶಾಂತಮ್ಮನೂ ಮುಟ್ಟಿದಳು, ಬಟ್ಟೆಯ ದಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, “ಈಗ ಪುರಾಣದಂಗ ಕಾಣ್ತದ ನೋಡ್ರಿ,” ಎಂದಳು. ಸೊಸೆಯ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಆ ಹುಡುಗಿಯ ಮುಖದಲ್ಲಿ ಕಂಡದ್ದು ಬಿಡುಗಡೆಯೆಂದೇ ನನಗೆ ಅನ್ನಿಸಿತು.

ಶ್ರಾವಣ ಮುಗಿಯಿತು. ಗಣಪತಿ ಹಬ್ಬದ ರಜೆಯಲ್ಲಿ ನನ್ನ ಯಂತ್ರವನ್ನು ಮರಳಿ ತರಲು ದೇವದುರ್ಗಕ್ಕೆ ಹೋದೆ. ಖಣದ ಹೊದಿಕೆ ದೇವರ ಜಗಲಿಯ ಮೇಲಿತ್ತು, ಕುಂಕುಮವೇರಿತ್ತು, ಒಳಗೆ ಯಂತ್ರವಿರಲಿಲ್ಲ. ಅದು ಬೆತ್ತಲೆಯಾಗಿ, ಕಿಟಕಿಯ ಹತ್ತಿರ ಹೊರಸಿನ ಮೇಲೆ ಕಾಲುಚಾಚಿ ಕುಳಿತಿದ್ದ ದೊಡ್ಡವ್ವನ ಕೈಯಲ್ಲಿತ್ತು.

“ಬಂದ್ಯಾ? ಕೂಡು,” ಎಂದಳು, ತಲೆ ಎತ್ತದೆ.

“ಅಂಗಿ ಯಾಕ ಬಿಚ್ಚಿದಿ ದೊಡ್ಡವ್ವಾ?”

“ಭಾರ ಆಕ್ಕದಪ್ಪಾ, ಕೈ ನೋಯ್ತಾವ. ಅದು ಮಂದಿಗಿ ಬೇಕಾಗಿತ್ತು. ಈಗ ಮಂದಿ ಎಲ್ಲಿ ಅದಾರ?”

ಆಕೆ ಓದುತ್ತಿದ್ದದ್ದು ಪುರಾಣವಲ್ಲ. ನಾನು ಯಂತ್ರದಲ್ಲಿ ತುಂಬಿಟ್ಟು ಮರೆತಿದ್ದ ಪತ್ತೇದಾರಿ ಕಾದಂಬರಿ. ಯಾರೋ ಸತ್ತಿದ್ದಾರೆ, ಕೊಂದವನು ಯಾರೆಂದು ನೋಡುತ್ತಿದ್ದೇನೆ ಎಂದಳು. ಆಗ ನಾನು ಗಮನಿಸಿದ್ದು ಆಕೆಯ ತುಟಿಗಳನ್ನು. ಅವು ಅಲುಗುತ್ತಿರಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ದೊಡ್ಡವ್ವ ಓದಿದ್ದೆಲ್ಲ ಗಟ್ಟಿಯಾಗಿಯೇ: ಅತ್ತೆಗೆ ಪಂಚಾಂಗ, ಮಾವನಿಗೆ ಪೇಪರು, ಓಣಿಗೆ ಪತ್ರ, ಗುಡಿಗೆ ಪುರಾಣ. ನನಗೂ ಅದೇ ಅಭ್ಯಾಸವಾಗಿತ್ತು. “ಜೋರಾಗಿ ಓದು, ನಾನೂ ಕೇಳ್ತೀನಿ,” ಎಂದೆ.

“ಒಲ್ಲೆ,” ಎಂದಳು ದೊಡ್ಡವ್ವ. “ಇದು ನನಗ.”

ಕೊಂದವನು ಯಾರೆಂದು ನನಗೆ ಗೊತ್ತಿತ್ತು. ಯಂತ್ರ ಒಯ್ಯಲು ಬಂದಿದ್ದೇನೆಂಬ ಮಾತನ್ನೂ ಅದರ ಜೊತೆಗೇ ನುಂಗಿಕೊಂಡು, ಆಕೆ ಬೆರಳಿನಿಂದ ಪುಟ ಮುಂದೆ ಸರಿಸುವುದನ್ನು ನೋಡುತ್ತ ಕುಳಿತೆ.